ಆತಂಕಕ್ಕೆ ಮಾತಿನ ಮದ್ದು: ಶುಶ್ರೂಷಕಿ ಹಿಲ್ಡೆಗಾರ್ಡ್ ಪೆಪ್ಲೌ ಬದುಕು

ಲೋಕಾಪುರ, ಮುಧೋಳ, ಜಮಖಂಡಿಯಂತಹ ಊರುಗಳಿಂದ ನರ್ಸಿಂಗ್ ಕಲಿಯಲು ಬಾಗಲಕೋಟೆಗೋ ಧಾರವಾಡಕ್ಕೋ ಬೆಂಗಳೂರಿಗೋ ಹೋಗುವ ವಿದ್ಯಾರ್ಥಿಗಳು ಮನೋರೋಗ ಶುಶ್ರೂಷೆಯ ಪಾಠಕ್ಕೆ ಬರುತ್ತಲೇ ಒಂದು ಹೆಸರನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಆ ಹೆಸರು ಹಿಲ್ಡೆಗಾರ್ಡ್ ಪೆಪ್ಲೌ. ಆತಂಕಕ್ಕೆ ನಾಲ್ಕು ಮಟ್ಟಗಳು, ದಾದಿ ಮತ್ತು ರೋಗಿಯ ಸಂಬಂಧಕ್ಕೆ ನಾಲ್ಕು ಹಂತಗಳು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ಸಾವಿರಾರು. ಆದರೆ ಆ ಹೆಸರಿನ ಹಿಂದೆ ಇದ್ದ ಹೆಣ್ಣುಮಗಳು ಯಾರು, ಆಕೆ ಏನನ್ನು ಕಂಡು, ಏನನ್ನು ಎದುರಿಸಿ ಆ ಮಾತುಗಳನ್ನು ಬರೆದರು ಎಂಬುದು ಪಠ್ಯಪುಸ್ತಕದ ಹೊರಗೇ ಉಳಿದಿದೆ.

ಚಿಂತೆಯಿಂದ ನಿದ್ದೆಗೆಟ್ಟವರ, ಎದೆ ಡವಗುಟ್ಟುತ್ತದೆಂದು ಆಸ್ಪತ್ರೆಗೆ ಓಡಿಬಂದವರ ಪಕ್ಕದಲ್ಲಿ ಕುಳಿತು ಮಾತನಾಡುವುದು ದಾದಿಯ ಕೆಲಸವೇ ಎಂಬ ಪ್ರಶ್ನೆಗೆ ಇಂದು ಯಾರೂ ಅನುಮಾನಿಸದೆ ಹೌದೆನ್ನುತ್ತಾರೆ. ಎಂಬತ್ತು ವರ್ಷಗಳ ಹಿಂದೆ ಈ ಉತ್ತರ ಇಷ್ಟು ಸುಲಭವಾಗಿರಲಿಲ್ಲ. ಅದನ್ನು ಸುಲಭವಾಗಿಸಲು ಪೆಪ್ಲೌ ತಮ್ಮ ಇಡೀ ಬದುಕನ್ನು ವೆಚ್ಚ ಮಾಡಿದರು.

ಜ್ವರದ ವರ್ಷದ ನೆನಪು

ಪೆಪ್ಲೌ ಹುಟ್ಟಿದ್ದು 1909ರ ಸೆಪ್ಟೆಂಬರ್ 1ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರೆಡಿಂಗ್ ಪಟ್ಟಣದಲ್ಲಿ. ತಂದೆ ಗುಸ್ತಾವ್, ತಾಯಿ ಒಟಿಲಿ. ಇಬ್ಬರೂ ಯುರೋಪಿನಿಂದ ವಲಸೆ ಬಂದ ಜರ್ಮನ್ ಮೂಲದವರು. ತಂದೆ ರೈಲು ಎಂಜಿನ್ನಿನ ಕುಲುಮೆಗೆ ಕಲ್ಲಿದ್ದಲು ತುಂಬುವ ಫೈರ್‌ಮನ್. ಆರು ಮಕ್ಕಳ ಸಂಸಾರದಲ್ಲಿ ಹಿಲ್ಡೆಗಾರ್ಡ್ ಎರಡನೆಯವರು. ತಾಯಿ ಎಲ್ಲವೂ ಒಪ್ಪವಾಗಿರಬೇಕೆಂಬ ಕಟ್ಟುನಿಟ್ಟಿನ ಸ್ವಭಾವದವರು. ದುಡಿಮೆಗೆ ಕೊರತೆಯಿಲ್ಲದ, ಸಲಿಗೆಗೆ ಅವಕಾಶ ಕಡಿಮೆಯಿದ್ದ ಮನೆ ಅದು.

ಬಾಲಕಿಗೆ ಒಂಬತ್ತು ವರ್ಷ ತುಂಬಿದಾಗ, 1918ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ಜಗತ್ತನ್ನು ಆವರಿಸಿತು. ಅದೇ ವರ್ಷದ ಜೂನ್‌ನಲ್ಲಿ ಹಡಗಿನ ದಾರಿಯಿಂದ ಮುಂಬಯಿಗೆ ಬಂದಿಳಿದ ಈ ಜ್ವರ ಮುಂಬಯಿ ಪ್ರಾಂತ್ಯದ ಊರೂರುಗಳನ್ನು ಹೊಕ್ಕು, ಭಾರತದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜಿದೆ. ರೆಡಿಂಗ್ ಪಟ್ಟಣವನ್ನೂ ಅದು ಬಿಡಲಿಲ್ಲ. ಜ್ವರದ ತಾಪಕ್ಕೆ ಬುದ್ಧಿ ತಪ್ಪಿ ಮನೆಯ ಕಿಟಕಿಯಿಂದ ಹೊರಗೆ ಹಾರಿದವರನ್ನು ಬಾಲಕಿ ಕಣ್ಣಾರೆ ಕಂಡಳು. ರೋಗವೆಂಬುದು ಒಂದು ದೇಹದೊಳಗೆ ಮುಗಿಯುವ ಸಂಗತಿಯಲ್ಲ, ಅದು ಮನೆಮಂದಿಯ ಮನಸ್ಸನ್ನೂ ಕಲಕುತ್ತದೆ ಎಂಬ ಅರಿವು ಆ ವಯಸ್ಸಿನಲ್ಲಿಯೇ ಆಕೆಯಲ್ಲಿ ನೆಲೆಯೂರಿತು. ಕಾಯಿಲೆ ಮತ್ತು ಸಾವು ಕುಟುಂಬಗಳನ್ನು ಹೇಗೆ ಅಲುಗಾಡಿಸುತ್ತವೆ ಎಂಬ ತಮ್ಮ ಮುಂದಿನ ಚಿಂತನೆಗೆ ಈ ನೆನಪೇ ಬೀಜವೆಂದು ಅವರು ಪರಿಗಣಿಸಿದ್ದರು.

ಆ ಕಾಲದಲ್ಲಿ ಬಡ ಮನೆಯ ಹುಡುಗಿಯ ಮುಂದೆ ಇದ್ದ ದಾರಿಗಳು ಕೆಲವೇ. ಮದುವೆ, ಶಿಕ್ಷಕಿಯ ಕೆಲಸ, ಕ್ರೈಸ್ತ ಸನ್ಯಾಸಿನಿಯ ಬದುಕು, ಇಲ್ಲವೇ ದಾದಿಯ ವೃತ್ತಿ. ದಾದಿಯ ತರಬೇತಿಗೆ ಊಟ, ವಸತಿ ಸಿಗುತ್ತಿತ್ತು. ಹಿಲ್ಡೆಗಾರ್ಡ್ ಅದನ್ನೇ ಆರಿಸಿಕೊಂಡರು. 1931ರಲ್ಲಿ ಪೆನ್ಸಿಲ್ವೇನಿಯಾದ ಪಾಟ್ಸ್‌ಟೌನ್ ಆಸ್ಪತ್ರೆಯ ಶಾಲೆಯಿಂದ ತರಬೇತಿ ಮುಗಿಸಿ ಹೊರಬಂದು, ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್‌ಗಳಲ್ಲಿ ದುಡಿದರು.

ಕಾಲೇಜಿನ ದಾದಿಯೇ ವಿದ್ಯಾರ್ಥಿನಿಯಾದಾಗ

ಬೇಸಿಗೆ ಶಿಬಿರವೊಂದರಲ್ಲಿ ದಾದಿಯಾಗಿ ಮಾಡಿದ ಕೆಲಸ ಅವರ ಬದುಕಿಗೆ ತಿರುವು ಕೊಟ್ಟಿತು. ಅಲ್ಲಿ ಸಿಕ್ಕ ಶಿಫಾರಸಿನಿಂದ ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಕಾಲೇಜಿನ ಆರೋಗ್ಯ ವಿಭಾಗದಲ್ಲಿ ಕೆಲಸ ದೊರೆಯಿತು. ವಿದ್ಯಾರ್ಥಿನಿಯರಿಗೆ ಔಷಧಿ ಕೊಡುತ್ತಲೇ ಪೆಪ್ಲೌ ತಾವೂ ಅದೇ ಕಾಲೇಜಿಗೆ ಸೇರಿ ಓದತೊಡಗಿದರು. ವ್ಯಕ್ತಿ ವ್ಯಕ್ತಿಗಳ ನಡುವಣ ಸಂಬಂಧಗಳ ಮನಶ್ಶಾಸ್ತ್ರವನ್ನು ಅಧ್ಯಯನ ಮಾಡಿ 1943ರಲ್ಲಿ ಪದವಿ ಪಡೆದರು.

ಓದಿನ ಅಂಗವಾಗಿ ಮೇರಿಲ್ಯಾಂಡ್‌ನ ಚೆಸ್ಟ್‌ನಟ್ ಲಾಡ್ಜ್ ಎಂಬ ಖಾಸಗಿ ಮನೋರೋಗ ಆಸ್ಪತ್ರೆಗೆ ಹೋಗುವ ಅವಕಾಶ ಅವರಿಗೆ ಸಿಕ್ಕಿತು. ಫ್ರೀಡಾ ಫ್ರಾಮ್-ರೈಖ್‌ಮನ್, ಹ್ಯಾರಿ ಸ್ಟ್ಯಾಕ್ ಸಲಿವನ್ ಅವರಂತಹ ಮನೋವೈದ್ಯರ ವಿಚಾರಗಳು ಅಲ್ಲಿ ಅವರಿಗೆ ನೇರವಾಗಿ ದೊರೆತವು. ಮನುಷ್ಯನ ಆತಂಕ ಅವನೊಳಗೆ ತಾನೇ ತಾನಾಗಿ ಹುಟ್ಟುವುದಿಲ್ಲ, ಇತರರೊಂದಿಗಿನ ಸಂಬಂಧದಲ್ಲಿ ಹುಟ್ಟುತ್ತದೆ ಎಂಬುದು ಸಲಿವನ್ ಅವರ ಮುಖ್ಯ ಸಿದ್ಧಾಂತ. ತಾಯಿಯ ಕಳವಳ ಮಡಿಲಲ್ಲಿರುವ ಕೂಸಿಗೂ ತಟ್ಟುತ್ತದೆ ಎಂಬುದನ್ನು ಅವರು ಉದಾಹರಿಸುತ್ತಿದ್ದರು.

ಪೆಪ್ಲೌ ಈ ಮಾತನ್ನು ದಾದಿಯ ಕಣ್ಣಿನಿಂದ ನೋಡಿದರು. ಕೂಸಿಗೆ ತಾಯಿಯ ಕಳವಳ ತಟ್ಟುವುದಾದರೆ ರೋಗಿಗೆ ದಾದಿಯ ಕಳವಳವೂ ತಟ್ಟಲೇಬೇಕು. ದಾದಿಯ ನೆಮ್ಮದಿಯೂ ತಟ್ಟಬೇಕು. ಹಾಗಿದ್ದರೆ ಹಾಸಿಗೆಯ ಪಕ್ಕ ನಿಂತ ದಾದಿ ಔಷಧಿಯ ಬಟ್ಟಲು ಹಿಡಿದ ಕೈ ಮಾತ್ರವಾಗಿರಲು ಸಾಧ್ಯವಿಲ್ಲ. ಅವಳ ದನಿ, ಮುಖಭಾವ, ಅವಸರ, ತಾಳ್ಮೆ ಎಲ್ಲವೂ ಚಿಕಿತ್ಸೆಯ ಭಾಗವೇ ಆಗುತ್ತವೆ. ಪೆಪ್ಲೌ ಮುಂದೆ ಕಟ್ಟಿದ ಎಲ್ಲ ವಿಚಾರಗಳೂ ಈ ಒಂದು ತರ್ಕದಿಂದಲೇ ಬೆಳೆದವು.

ಯುದ್ಧಭೂಮಿಯ ಪಾಠ

ಪದವಿ ಪಡೆದ ವರ್ಷವೇ ಅವರು ಅಮೆರಿಕ ಸೇನೆಯ ದಾದಿಯರ ದಳ ಸೇರಿದರು. 1945ರವರೆಗೆ ಇಂಗ್ಲೆಂಡಿನಲ್ಲಿದ್ದ ಸೇನೆಯ ಮನೋರೋಗ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ಅಮೆರಿಕ ಸೇನೆಯ ಮನೋವೈದ್ಯರಿಗೆ ತರಬೇತಿ ನೀಡುವ ಶಾಲೆಯೂ ಅಲ್ಲಿಯೇ ಇತ್ತು. ಮೈಮೇಲೆ ಗಾಯವಿಲ್ಲದೆಯೂ ನಡುಗುವ, ನಿದ್ದೆ ಬಾರದ, ಮಾತು ನಿಂತುಹೋದ ಸೈನಿಕರು ಅಂತಹ ಆಸ್ಪತ್ರೆಗಳನ್ನು ತುಂಬಿದ್ದರು. ಆರೋಗ್ಯವಂತರಾದ ಯುವಕರೂ ಒತ್ತಡ ಮಿತಿಮೀರಿದಾಗ ಕುಸಿಯುತ್ತಾರೆ, ಸಕಾಲದಲ್ಲಿ ನೆರವು ದೊರೆತರೆ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಯುದ್ಧ ಎಲ್ಲರಿಗೂ ತೋರಿಸಿಕೊಟ್ಟಿತು. ಮಾನಸಿಕ ಆರೋಗ್ಯಕ್ಕೆಂದೇ ಅಮೆರಿಕ 1946ರಲ್ಲಿ ಕಾನೂನು ಮಾಡಿದ್ದಕ್ಕೆ ಈ ಅನುಭವವೂ ಕಾರಣ. ಸೇನೆಯಲ್ಲಿ ಪರಿಚಿತರಾದ ಮನೋವೈದ್ಯರೊಂದಿಗೆ ಪೆಪ್ಲೌ ಈ ಬದಲಾವಣೆಯ ಕೆಲಸದಲ್ಲಿ ಕೈಜೋಡಿಸಿದರು.

ಯುದ್ಧ ಮುಗಿದ ವರ್ಷವೇ ಪೆಪ್ಲೌ ಅವರಿಗೆ ಮಗಳು ಹುಟ್ಟಿದಳು. ಅವರು ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಮದುವೆಯಿಲ್ಲದ ತಾಯ್ತನವನ್ನು ಅಂದಿನ ಅಮೆರಿಕದ ಸಮಾಜವೂ ಸಹಿಸುತ್ತಿರಲಿಲ್ಲ. ಕೆಲಸ, ಗೌರವ ಎರಡನ್ನೂ ಕಳೆದುಕೊಳ್ಳುವ ಭಯವಿತ್ತು. ಇತರರ ಆತಂಕವನ್ನು ಅರಿಯುವ ಶಾಸ್ತ್ರವನ್ನು ಕಟ್ಟುತ್ತಿದ್ದ ವರ್ಷಗಳಲ್ಲಿ ಅವರು ತಮ್ಮ ಪಾಲಿನ ಆತಂಕವನ್ನು ಹೊತ್ತುಕೊಂಡು, ಮಗಳನ್ನು ಒಂಟಿಯಾಗಿ ಸಾಕಿ, ಓದನ್ನೂ ಮುಂದುವರಿಸಿದರು. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಪಡೆದು, 1953ರಲ್ಲಿ ಅಲ್ಲಿಯೇ ಡಾಕ್ಟರೇಟ್ ಗಳಿಸಿದರು.

ನಾಲ್ಕು ವರ್ಷ ಕಾದ ಹಸ್ತಪ್ರತಿ

ಆ ದಿನಗಳ ಮನೋರೋಗ ಆಸ್ಪತ್ರೆಗಳ ಚಿತ್ರ ಘೋರವಾಗಿತ್ತು. ಅಮೆರಿಕದ ಸರಕಾರಿ ಆಸ್ಪತ್ರೆಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ರೋಗಿಗಳು ತುಂಬಿದ್ದರು. ಇಂದಿನ ಔಷಧಿಗಳು ಇನ್ನೂ ಬಂದಿರಲಿಲ್ಲ. ದಾದಿಯ ಪಾಲಿಗಿದ್ದುದು ಬೀಗದ ಕೈ ಕಾಯುವುದು, ತಲೆ ಎಣಿಸುವುದು, ಊಟ ಸ್ನಾನ ಮಾಡಿಸುವುದು, ಕೆರಳಿದವರನ್ನು ಹಿಡಿದು ಕಟ್ಟುವುದು. ರೋಗಿಯ ಮನಸ್ಸಿನೊಡನೆ ವ್ಯವಹರಿಸುವುದು ವೈದ್ಯರ ಅಧಿಕಾರವೆಂದೂ, ದಾದಿ ಆ ಗೊಡವೆಗೆ ಹೋಗಬಾರದೆಂದೂ ನಂಬಲಾಗಿತ್ತು.

ಈ ನಂಬಿಕೆಗೆ ಎದುರಾಗಿ ಪೆಪ್ಲೌ ಒಂದು ಪುಸ್ತಕ ಬರೆದರು. ಶುಶ್ರೂಷೆಯಲ್ಲಿ ವ್ಯಕ್ತಿ ಸಂಬಂಧಗಳ ಬಗೆಗಿನ ಆ ಕೃತಿಯ ಹಸ್ತಪ್ರತಿ 1948ರಲ್ಲಿಯೇ ಸಿದ್ಧವಾಗಿತ್ತು. ಆದರೆ ಅದು ಅಚ್ಚಾಗಿ ಹೊರಬಂದದ್ದು 1952ರಲ್ಲಿ. ವೈದ್ಯರೊಬ್ಬರ ಹೆಸರು ಜೊತೆಗಿಲ್ಲದೆ ದಾದಿಯೊಬ್ಬಳು ಇಂತಹ ಗ್ರಂಥವನ್ನು ಪ್ರಕಟಿಸುವುದು ಅತಿಯಾದ ಸಾಹಸವೆಂದು ಆಗ ಭಾವಿಸಲಾಯಿತು. ಬರೆಯದ ವೈದ್ಯರ ಹೆಸರನ್ನು ಸೇರಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಪೆಪ್ಲೌ ಸೇರಿಸಲಿಲ್ಲ. ನಾಲ್ಕು ವರ್ಷ ಕಾದು, ತಮ್ಮ ಒಂದೇ ಹೆಸರಿನಲ್ಲಿ ಅದನ್ನು ಹೊರತಂದರು.

ದಾದಿ ಮತ್ತು ರೋಗಿ ಮೊದಲು ಅಪರಿಚಿತರಾಗಿ ಭೇಟಿಯಾಗುತ್ತಾರೆ. ರೋಗಿ ತನ್ನ ತೊಂದರೆಯನ್ನು ಗುರುತಿಸಲು ಆಕೆ ನೆರವಾಗುತ್ತಾಳೆ. ಮೆಲ್ಲನೆ ರೋಗಿಗೆ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆಯ ಬಲದಿಂದ ಅವನು ಸಿಗುವ ಎಲ್ಲ ನೆರವನ್ನೂ ಬಳಸಿಕೊಳ್ಳುತ್ತಾನೆ. ಕೊನೆಗೆ ದಾದಿಯ ಆಸರೆ ಬೇಡವಾಗುವಷ್ಟು ಬಲಗೊಂಡು ಅವಳಿಂದ ಬೀಳ್ಕೊಳ್ಳುತ್ತಾನೆ. ಪುಸ್ತಕ ವಿವರಿಸಿದ ಈ ನಾಲ್ಕು ಹಂತಗಳಲ್ಲಿ ಕೊನೆಯದಕ್ಕೆ ಪೆಪ್ಲೌ ವಿಶೇಷ ಮಹತ್ವ ಕೊಟ್ಟರು. ರೋಗಿಯನ್ನು ಎಂದೆಂದಿಗೂ ತನ್ನ ಮೇಲೆ ಅವಲಂಬಿಸುವಂತೆ ಮಾಡುವುದು ಒಳ್ಳೆಯ ಶುಶ್ರೂಷೆಯ ಲಕ್ಷಣವಲ್ಲವೆಂಬುದು ಅವರ ದೃಢವಾದ ನಿಲುವಾಗಿತ್ತು.

ಆತಂಕದ ನಾಲ್ಕು ಮೆಟ್ಟಿಲು

ಪೆಪ್ಲೌ ಅವರ ಕೊಡುಗೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಆತಂಕದ ಮಟ್ಟಗಳ ವಿವರಣೆ. ಆತಂಕವೆಲ್ಲ ರೋಗವಲ್ಲ ಎಂಬುದರಿಂದ ಅವರು ಆರಂಭಿಸುತ್ತಾರೆ. ಮೊದಲ ಮೆಟ್ಟಿಲು ಸೌಮ್ಯ ಆತಂಕ. ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿಯನ್ನು ಪುಸ್ತಕದ ಮುಂದೆ ಕೂರಿಸುವುದು ಇದೇ. ಇಲ್ಲಿ ಕಣ್ಣು ಕಿವಿಗಳು ಚುರುಕಾಗಿರುತ್ತವೆ, ಕಲಿಕೆ ಚೆನ್ನಾಗಿ ನಡೆಯುತ್ತದೆ. ಎರಡನೆಯದು ಮಧ್ಯಮ ಆತಂಕ. ಗಮನ ಕಿರಿದಾಗುತ್ತದೆ. ಎದುರಿಗಿರುವ ಒಂದು ವಿಷಯದ ಹೊರತು ಉಳಿದದ್ದು ಕಾಣುವುದಿಲ್ಲ. ಆದರೂ ಯಾರಾದರೂ ತೋರಿಸಿದರೆ ಮನಸ್ಸು ಅತ್ತ ಹೊರಳುತ್ತದೆ.

ಮೂರನೆಯದು ತೀವ್ರ ಆತಂಕ. ಸಣ್ಣ ಸಣ್ಣ ವಿವರಗಳಲ್ಲಿ ಮನಸ್ಸು ಚದುರಿಹೋಗುತ್ತದೆ. ತಲೆನೋವು, ಹೊಟ್ಟೆ ತೊಳಸು, ನಡುಕ, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಹೊಸದನ್ನು ಕಲಿಯುವ ಶಕ್ತಿ ಇಲ್ಲವಾಗುತ್ತದೆ. ನಾಲ್ಕನೆಯದು ಪ್ಯಾನಿಕ್, ಅಂದರೆ ಗಾಬರಿಯ ಪರಮಾವಧಿ. ಉಸಿರು ಕಟ್ಟಿದಂತೆ, ಪ್ರಾಣವೇ ಹೋದಂತೆ ಅನಿಸುವ ಈ ಸ್ಥಿತಿಯಲ್ಲಿ ವಿಚಾರಶಕ್ತಿ ನಿಂತುಹೋಗುತ್ತದೆ.

ಈ ವಿಂಗಡಣೆಯ ಪ್ರಯೋಜನವಿರುವುದು ದಾದಿಯ ನಡೆಯನ್ನು ಅದು ನಿರ್ಧರಿಸುವುದರಲ್ಲಿ. ಗಾಬರಿಯ ತುದಿಯಲ್ಲಿರುವವನಿಗೆ ಕಾರಣ ಕೇಳುವುದು, ಬುದ್ಧಿ ಹೇಳುವುದು ವ್ಯರ್ಥ. ಅವನನ್ನು ಗದ್ದಲವಿಲ್ಲದ ಕಡೆ ಕರೆದೊಯ್ದು, ಒಂಟಿಯಾಗಿ ಬಿಡದೆ, ಮೆಲುದನಿಯಲ್ಲಿ ಚಿಕ್ಕ ಚಿಕ್ಕ ಮಾತನಾಡಬೇಕು. ಆ ಹೊತ್ತಿನಲ್ಲಿ ಜೊತೆಗಿರುವುದೇ ದೊಡ್ಡ ಸಹಾಯ. ತೀವ್ರ ಆತಂಕದಲ್ಲಿರುವವನು ಒಂದೇ ಕಡೆ ಕೂರಲಾರ. ಅವನೊಂದಿಗೆ ನಾಲ್ಕು ಹೆಜ್ಜೆ ನಡೆಯಬಹುದು, ಸುಲಭವಾದ ಕೆಲಸವೊಂದನ್ನು ಕೊಡಬಹುದು. ಆತಂಕ ಮಧ್ಯಮ ಮಟ್ಟಕ್ಕೆ ಇಳಿದ ನಂತರವೇ ಕಾರಣವನ್ನು ಹುಡುಕುವ ಮಾತುಕತೆ ಆರಂಭವಾಗಬೇಕು.

ಆ ಮಾತುಕತೆಗೂ ಪೆಪ್ಲೌ ಒಂದು ಕ್ರಮ ಹಾಕಿಕೊಟ್ಟರು. ಮೊದಲು ತನಗಾಗುತ್ತಿರುವುದು ಆತಂಕವೆಂದು ರೋಗಿಯೇ ಹೆಸರಿಸಬೇಕು. ಎರಡನೆಯದಾಗಿ, ಆ ಸಂಕಟದಿಂದ ಪಾರಾಗಲು ತಾನು ಏನು ಮಾಡುತ್ತೇನೆಂದು ಗುರುತಿಸಬೇಕು. ಸಿಟ್ಟಾಗುವುದು, ಬೀಡಿ ಹಚ್ಚುವುದು, ಯಾರ ಮುಖವನ್ನೂ ನೋಡದೆ ಮಲಗುವುದು ಎಲ್ಲವೂ ಪಾರಾಗುವ ದಾರಿಗಳೇ. ಮೂರನೆಯದಾಗಿ, ಆತಂಕ ಏರುವುದಕ್ಕೆ ತುಸು ಮುಂಚೆ ಏನು ನಡೆಯಿತೆಂದು ನೆನಪಿಸಿಕೊಳ್ಳಬೇಕು. ಕೊನೆಗೆ, ತಾನು ಏನನ್ನು ನಿರೀಕ್ಷಿಸಿದ್ದೆ, ಆದದ್ದೇನು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಿರೀಕ್ಷೆಗೂ ವಾಸ್ತವಕ್ಕೂ ನಡುವಣ ಅಂತರದಲ್ಲಿಯೇ ಹೆಚ್ಚಿನ ಆತಂಕ ಹುಟ್ಟುತ್ತದೆ ಎಂಬುದು ಅವರ ವಿವರಣೆ.

ಇದನ್ನು ಲೋಕಾಪುರದ ಸೀಮೆಯ ಬದುಕಿಗೆ ಹೊಂದಿಸಿ ನೋಡಬಹುದು. ಕಬ್ಬು ಕಳಿಸಿ ಬಿಲ್ಲಿಗಾಗಿ ಕಾಯುತ್ತಿರುವ ರೈತನೊಬ್ಬ ಹೊಟ್ಟೆಯುರಿ, ನಿದ್ದೆಗೇಡು ಎಂದು ಆಸ್ಪತ್ರೆಗೆ ಬರುತ್ತಾನೆಂದು ಭಾವಿಸೋಣ. ಮಾತ್ರೆಯಿಂದ ಹೊಟ್ಟೆಯುರಿ ತಗ್ಗಬಹುದು. ಆದರೆ ಮಗಳ ಮದುವೆಯ ಹೊತ್ತಿಗೆ ಹಣ ಕೈಸೇರಬೇಕೆಂಬ ನಿರೀಕ್ಷೆ, ಅದು ಸೇರದಿರುವ ವಾಸ್ತವ, ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕೋಚ, ಸಂಜೆಯಾದರೆ ಮನೆಮಂದಿಯ ಮೇಲೆ ಹಾಯುವ ಸಿಟ್ಟು, ಇವೆಲ್ಲ ಒಂದೇ ಎಳೆಯಲ್ಲಿವೆ ಎಂಬುದು ಅವನಿಗೆ ತಾನಾಗಿ ಹೊಳೆಯುವುದಿಲ್ಲ. ಅರ್ಧ ಗಂಟೆ ಕುಳಿತು ಕೇಳುವ ದಾದಿ ಆ ಎಳೆಯನ್ನು ಅವನ ಕೈಗೆ ಕೊಡಬಲ್ಲಳು. ಬಿಲ್ಲನ್ನು ತರಿಸಿಕೊಡುವುದು ಅವಳಿಂದಾಗದು. ಮನೆಯವರೊಂದಿಗೆ ಹೇಗೆ ಹೇಳುವುದು, ಯಾವ ಖರ್ಚನ್ನು ಮುಂದೂಡುವುದು, ಯಾರ ನೆರವು ಕೇಳುವುದು ಎಂದು ಯೋಚಿಸುವಷ್ಟು ತಿಳಿಯಾದ ಮನಸ್ಸು ಅವನಿಗೆ ಮರಳುವಂತೆ ಮಾಡುವುದು ಅವಳಿಂದ ಆಗುತ್ತದೆ.

ಅಧ್ಯಾಪಕಿ, ನಾಯಕಿ

ಪೆಪ್ಲೌ 1954ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ ಸೇರಿ, ಮನೋರೋಗ ಶುಶ್ರೂಷೆಯ ತಜ್ಞೆಯರನ್ನು ರೂಪಿಸುವ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿದರು. ಈ ಬಗೆಯ ಶಿಕ್ಷಣ ಅದೇ ಮೊದಲು. 1974ರಲ್ಲಿ ನಿವೃತ್ತರಾಗುವವರೆಗೂ ಅದು ಅವರ ಕರ್ಮಭೂಮಿಯಾಗಿತ್ತು. ವಿದ್ಯಾರ್ಥಿನಿಯರು ಮನೋರೋಗ ಆಸ್ಪತ್ರೆಗೆ ಹೋಗಿ ಒಬ್ಬ ರೋಗಿಯೊಡನೆ ನಿಗದಿತ ವೇಳೆಯಲ್ಲಿ ಮತ್ತೆ ಮತ್ತೆ ಮಾತನಾಡಬೇಕಿತ್ತು. ನಡೆದ ಸಂಭಾಷಣೆಯನ್ನು ಒಂದು ಪದವನ್ನೂ ಬಿಡದೆ ಬರೆದು ತರಬೇಕಿತ್ತು. ಎಲ್ಲಿ ರೋಗಿ ಮೌನವಾದ, ಎಲ್ಲಿ ವಿದ್ಯಾರ್ಥಿನಿ ತನ್ನ ಅಳುಕಿನಿಂದ ವಿಷಯ ಬದಲಿಸಿದಳು ಎಂಬುದನ್ನು ಪೆಪ್ಲೌ ಸಾಲು ಸಾಲಾಗಿ ತೋರಿಸುತ್ತಿದ್ದರು. ರೋಗಿಯನ್ನು ಅರಿಯುವ ಮೊದಲು ದಾದಿ ತನ್ನ ಮನಸ್ಸನ್ನು ಅರಿಯಬೇಕೆಂಬ ಪಾಠ ಅದರಲ್ಲಿತ್ತು. ಇಂದಿಗೂ ನರ್ಸಿಂಗ್ ವಿದ್ಯಾರ್ಥಿಗಳು ಬರೆಯುವ ಸಂವಾದ ದಾಖಲೆಯ ಬೇರು ಇಲ್ಲಿದೆ.

1950 ಮತ್ತು 60ರ ದಶಕಗಳಲ್ಲಿ ಅವರು ಬೇಸಿಗೆಯ ಬಿಡುವನ್ನು ವಿಶ್ರಾಂತಿಗೆ ಬಳಸಲಿಲ್ಲ. ಅಮೆರಿಕದ ಉದ್ದಗಲಕ್ಕೂ ಸರಕಾರಿ ಆಸ್ಪತ್ರೆಗಳಿಗೆ ಸಂಚರಿಸಿ ಅಲ್ಲಿನ ದಾದಿಯರಿಗೆ ಕಾರ್ಯಾಗಾರ ನಡೆಸಿದರು. ದಾದಿ ಚಿಕಿತ್ಸಕಿಯ ಪಾತ್ರ ವಹಿಸುವುದನ್ನು ಒಪ್ಪದ ವೈದ್ಯರು ಮಾತ್ರವಲ್ಲದೆ, ಇಷ್ಟು ಹೊಣೆ ತಮಗೆ ಬೇಡವೆಂದ ದಾದಿಯರೂ ಇದ್ದರು. ಇಬ್ಬರ ವಿರೋಧವನ್ನೂ ಅವರು ಎದುರಿಸಬೇಕಾಯಿತು.

ಅಮೆರಿಕದ ದಾದಿಯರ ಸಂಘಕ್ಕೆ 1969ರಿಂದ 70ರವರೆಗೆ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿ, 1970ರಿಂದ 72ರವರೆಗೆ ಅಧ್ಯಕ್ಷೆಯಾಗಿ ಅವರು ದುಡಿದರು. ಈ ಎರಡೂ ಹುದ್ದೆಗಳನ್ನು ನಿರ್ವಹಿಸಿದವರು ಅವರೊಬ್ಬರೇ. ಮುಂದೆ ಅಂತಾರಾಷ್ಟ್ರೀಯ ದಾದಿಯರ ಮಂಡಳಿಯ ಆಡಳಿತದಲ್ಲಿಯೂ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರ್ತಿಯಾಗಿಯೂ ಸೇವೆ ಸಲ್ಲಿಸಿದರು. ನಿವೃತ್ತಿಯ ನಂತರ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಶುಶ್ರೂಷೆಯ ಉನ್ನತ ಶಿಕ್ಷಣ ನೆಲೆಗೊಳ್ಳಲು ನೆರವಾದರು. 1997ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅವರಿಗೆ ಕ್ರಿಸ್ಟಿಯಾನ್ ರೈಮನ್ ಪ್ರಶಸ್ತಿ ಪ್ರದಾನವಾಯಿತು. ಶುಶ್ರೂಷಾ ಕ್ಷೇತ್ರದಲ್ಲಿ ಜಗತ್ತಿನ ಅತ್ಯುನ್ನತ ಗೌರವವೆಂದು ಪರಿಗಣಿಸಲಾಗುವ ಪ್ರಶಸ್ತಿಯಿದು. 1999ರ ಮಾರ್ಚ್ 17ರಂದು ಕ್ಯಾಲಿಫೋರ್ನಿಯಾದ ಶರ್ಮನ್ ಓಕ್ಸ್‌ನ ಮನೆಯಲ್ಲಿ, 89ನೆಯ ವಯಸ್ಸಿನಲ್ಲಿ ಪೆಪ್ಲೌ ನಿಧನರಾದರು.

ಕನ್ನಡ ನಾಡಿನಲ್ಲಿ

ಪೆಪ್ಲೌ ರಟ್ಗರ್ಸ್ ಸೇರಿದ 1954ರಲ್ಲಿಯೇ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು ಕಾಲದ ಹೊಂದಾಣಿಕೆ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿ ಅವರ ನೇತೃತ್ವದಲ್ಲಿ ಬೆಳೆದ ಈ ಸಂಸ್ಥೆ 1956ರಲ್ಲಿ ದಾದಿಯರಿಗಾಗಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ತರಬೇತಿ ತೆರೆಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಅತ್ತ ಉತ್ತರ ಕರ್ನಾಟಕದಲ್ಲಿ, ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದಾದ ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಹೆಸರಿನ ಬೋಧನಾ ಸಂಸ್ಥೆಯಾಗಿದೆ.

ಪೆಪ್ಲೌ ಅವರ ವಿಧಾನಕ್ಕೆ ಮಿತಿಗಳಿಲ್ಲದಿಲ್ಲ. ಪ್ರಜ್ಞೆಯಿಲ್ಲದ, ಮಾತು ಬಾರದ ರೋಗಿಗೆ ಅದು ಪೂರ್ತಿಯಾಗಿ ಒಗ್ಗದು. ಔಷಧಿ ಬೇಕಾದ ಕಡೆ ಮಾತು ಅದರ ಜಾಗವನ್ನು ತುಂಬಲಾರದು. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕೆ ಸಮಯ ಬೇಕು. ಒಬ್ಬ ದಾದಿಗೆ ಒಂದು ವಾರ್ಡನ್ನೇ ಒಪ್ಪಿಸಿರುವ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಒಬ್ಬರ ಪಕ್ಕ ಕುಳಿತುಕೊಳ್ಳುವುದು ಕನಸಿನ ಮಾತೇ ಸರಿ. ನಮ್ಮಲ್ಲಿ ರೋಗಿಯ ಪಕ್ಕ ತಾಯಿ, ಹೆಂಡತಿ, ಅಣ್ಣ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಅವರ ಆತಂಕವೂ ರೋಗಿಗೆ ತಟ್ಟುತ್ತದೆ. ಆದ್ದರಿಂದ ಇಲ್ಲಿನ ದಾದಿ ಇಬ್ಬರೊಡನೆಯೂ ಮಾತನಾಡಬೇಕಾಗುತ್ತದೆ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿದೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಆರೋಗ್ಯ ದಾದಿಗೆ ಕಾನೂನಿನಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಉಚಿತ ಸಂಖ್ಯೆ 14416ಕ್ಕೆ ಹಳ್ಳಿಯಿಂದಲೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾಯ್ದೆ, ದೂರವಾಣಿ ಎರಡೂ ಬೇಕು. ಆದರೆ ಆಸ್ಪತ್ರೆಯ ಬಾಗಿಲಿಗೆ ನಡುಗುತ್ತ ಬಂದವನು ಮೊದಲು ಕಾಣುವುದು ದಾದಿಯ ಮುಖವನ್ನು. ಆ ಮುಖದಲ್ಲಿ ಅವಸರವಿದೆಯೋ ಸಮಾಧಾನವಿದೆಯೋ ಎಂಬುದರಿಂದಲೇ ಅವನ ಚಿಕಿತ್ಸೆ ಆರಂಭವಾಗುತ್ತದೆ. ರೈಲ್ವೆ ಕಾರ್ಮಿಕನ ಮಗಳು ಅರ್ಧ ಶತಮಾನ ಪಟ್ಟುಹಿಡಿದು ಲೋಕಕ್ಕೆ ಮನಗಾಣಿಸಿದ ಸತ್ಯವಿದು.